ತಡೆಗೆ ಮರಳಿದ ಹೆಣ್ಣು ಸಾಲ್ಮನ್

ಆಗಸ್ಟ್ ೧೪, ಗುರುವಾರ

ಕೇಳಿರಯ್ಯಾ ಮಹಾಸಭಿಕರೇ, ಈ ಪುಸ್ತಕದ ಖಾಲಿ ಹಾಳೆಗಳೇ! ನಿನ್ನೆ ನಾನು, ಮೀನು ಹಿಡಿಯಲು ಹೊಳೆಗೆ ಅಡ್ಡ ಕಟ್ಟಿದ ಕಂಬಿಗಳ ತಡೆ ದಾಟಿಸಿ ಮೇಲಕ್ಕೆ ಬಿಟ್ಟ ಹೆಣ್ಣು ಸಾಲ್ಮನ್ ಮೀನು ಇವತ್ತು ಕೆಳಗೆ ತೇಲಿಬಂದು ಅದೇ ತಡೆಯ ಕಂಬಿಗಳಿಗೆ ಒರಗಿ, ಸೋತು ಮಲಗಿತ್ತು. ಕಿವಿರಿನ ಮುಚ್ಚಳದಲ್ಲಿ ನಾನೇ ಗುರುತಿಗೆ ಹೊಡೆದ ತೂತು.

ಮೊಟ್ಟೆಯಿಡಲು ಹೊಳೆಯಲ್ಲಿ ಏರಿಬರುವ ಪ್ರತಿ ಮೂರು ಮೀನುಗಳಲ್ಲಿ ಎರಡನ್ನು, ಮೊಟ್ಟೆ ತೆಗೆದು ಮರಿ ಮಾಡಿಸುವ ಮರಿಕೇಂದ್ರಕ್ಕೆ ಒಯ್ಯುತ್ತೇವೆ. ಮೂರನೆಯದು ಹೊಳೆಯ ಪಾಲು, ತಡೆ ದಾಟಿಸಿ ಮೇಲಕ್ಕೆ ಬಿಡುತ್ತೇವೆ. ಕೇಂದ್ರಕ್ಕೆ ಇನ್ನೂ ಒಂದು ಹೆಣ್ಣು ಕಡಿಮೆಯಿದೆ.

"ತಾನಾಗೇ ಬಂದಿದೆ, ಕೇಂದ್ರದ ತೊಟ್ಟಿಗೆ ಹಾಕೋಣ ಅತ್ತೆ," ಎಂದೆ.

ಡೆಲ್ಫೀನ್ ಅತ್ತೆ ಮೂವತ್ತು ವರ್ಷದಿಂದ ಈ ತಡೆ ಕಾಯುವವಳು. "ತಾನಾಗೇ ಬಂತಾ? ನಿನ್ನೆ ಪೋರ್ಟ್‌ಲ್ಯಾಂಡಿಂದ ನೋಡೋಕೆ ಬಂದೋರ ಮುಂದೆ ಅದನ್ನ ನೀರಿಂದ ಎತ್ತಿ ಹಿಡ್ಕೊಂಡು ಎಷ್ಟು ಹೊತ್ತು ಭಾಷಣ ಬಿಗಿದೆ ಎಲ್ವುಡ್? ಅದಕ್ಕೆ ಉಸಿರು ಬೇಡ್ವಾ?"

ಜನ ಚಪ್ಪಾಳೆ ತಟ್ಟಿದ್ದರು. ಮೀನಿನ ಕಿವಿರು ಬಡಿದುಕೊಳ್ಳುತ್ತಿದ್ದುದು ನನಗೆ ಕಂಡಿತ್ತು. ಇನ್ನೊಂದು ಮಾತು ಮುಗಿಸಿಬಿಡೋಣ ಎಂದುಕೊಂಡೆ. ಅದೇ ಚುಚ್ಚುತ್ತಿದೆ.

ಈಗದು ತಡೆಯ ಪಕ್ಕ ಹೊಳೆಯಲ್ಲೇ ಇರುವ ಬೋನಿನ ತಣ್ಣೀರಿನಲ್ಲಿ ಸುಧಾರಿಸಿಕೊಳ್ಳುತ್ತಿದೆ. ಕೇಂದ್ರಕ್ಕೆ ಬೇಕಾದ ಹೆಣ್ಣು ಇನ್ನೆಲ್ಲಿಂದಲಾದರೂ ಬರಲಿ. ಇದು ಬದುಕಿದ್ದರೆ, ನಾಳೆ ಬೆಳಿಗ್ಗೆ ನೀರು ತುಂಬಿದ ಚೀಲದಲ್ಲಿ ಹೊತ್ತು ಮೇಲಿನ ಮಡುವಿಗೆ ನಾನೇ ಬಿಟ್ಟುಬರುತ್ತೇನೆ. ದಾರಿಯುದ್ದಕ್ಕೂ ಒಂದು ಮಾತೂ ಆಡುವುದಿಲ್ಲ.