ನಮ್ಮ ಮನೆಯ ಎರಡು ಪಾಳಿ

ಮನೆಯಿಂದ,
ಹದಿನೇಳನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಸುರಂಗದೊಳಗೆ ಸದಾ ನೀರು ಜಿನುಗುತ್ತದೆ, ಸಂಜೆಯ ಹೊತ್ತಿಗೆ ಕಾಲು ನೆನೆದು ಬಿಳಿಚಿಕೊಂಡಿರುತ್ತದೆ ಎಂದು ಬರೆದಿದ್ದೆ. ಎರಡು ಜೊತೆ ದಪ್ಪ ಕಾಲುಚೀಲ ಪಾರ್ಸೆಲ್ ಮಾಡಿದ್ದೇನೆ. ಅವನ್ನು ಗೆಳೆಯರಿಗೆ ಹಂಚಿ ದೊಡ್ಡ ಮನುಷ್ಯನಾಗಲು ಹೋಗಬೇಡ, ನೀನೇ ಹಾಕಿಕೋ. ವೈರಿನ ಕೆಲಸ ಮಾಡುವವನು ಒದ್ದೆ ಕಾಲಲ್ಲಿ ನಿಲ್ಲಬಾರದು ಎಂದು ನಿನಗೆ ನಾನು ಹೇಳಿಕೊಡಬೇಕೇ? ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡ ಕೂಡಲೇ ಮುನಿಸಿಕೊಳ್ಳುತ್ತದೆ. ಕುಶಲದ ಮಾತು ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದನ್ನು ಒಂದು ಕಡೆ ಕೂತು ಓದು. ಮನೆಯಿಂದ ಬಂದ ಕಾಗದವನ್ನು ಶಿಬಿರದವರಿಗೆಲ್ಲ ಓದಿ ಹೇಳುವ ನಿನ್ನ ಚಾಳಿ ಈ ಸಲ ಬೇಡ.

ಹಿಂದಿನ ನಾಲ್ಕು ಪತ್ರಗಳಲ್ಲಿ ನಾನು ಬರೆದದ್ದನ್ನೆಲ್ಲ ಮರೆತುಬಿಡು. ಮಗು ತಂಟೆ ಎಂದರೇನೆಂದೇ ಅರಿಯದು, ಅಳುವುದೇ ಇಲ್ಲ, ಅದರ ಅಪ್ಪನಂತೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುವುದಿಲ್ಲ, ಅದಕ್ಕೇ ‘ಮೌನಿ’ ಎಂದು ಕರೆಯುತ್ತೇನೆ ಎಂದು ಬರೆದಿದ್ದೆ. ನಿನ್ನ ಹೆಂಡತಿ ಸಮಾಧಾನದ ಹುಡುಗಿ, ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ, ಮನೆ ತಣ್ಣಗಿದೆ ಎಂದೂ ಬರೆದಿದ್ದೆ. ಅದರಲ್ಲಿ ಒಂದೂ ನಿಜವಲ್ಲ. ಬೇಕೆಂದು ಸುಳ್ಳು ಬರೆಯಲಿಲ್ಲ ಮರಿ, ನನಗೆ ಗೊತ್ತೇ ಇರಲಿಲ್ಲ. ಆದರೆ ಗೊತ್ತಾಗದೇ ಹೋಗುವ ಹಾಗೆ ಮಾಡಿಕೊಂಡವಳು ನಾನೇ. ನನಗೆ ಕಿವಿ ಕೇಳಿಸುವುದಿಲ್ಲ. ಸ್ವಲ್ಪ ಮಂದ ಎಂದಲ್ಲ, ಪೂರ್ತಿಯಾಗಿ ಇಲ್ಲ. ಎಡಗಿವಿ ನೀನು ಶಾಲೆಗೆ ಹೋಗುತ್ತಿದ್ದಾಗಲೇ ಹೋಗಿತ್ತು. ಬಲಗಿವಿಯಲ್ಲಿ ಉಳಿದಿದ್ದ ಚೂರುಪಾರು ನಿನ್ನ ಮದುವೆಯಾದ ವರ್ಷ ಹೋಯಿತು.

ನೀನು ಹೇಗೆ ಕಂಡುಹಿಡಿಯಲಿಲ್ಲ ಎಂದು ತಲೆ ಚಚ್ಚಿಕೊಳ್ಳಬೇಡ. ಇಪ್ಪತ್ತೆಂಟು ವರ್ಷ ಮಗ್ಗಗಳ ನಡುವೆ ನಿಂತವಳು ನಾನು. ಆ ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಯಾರ ಕಿವಿಗೂ ಬೀಳುತ್ತಿರಲಿಲ್ಲ. ತುಟಿ ಅಗಲಿಸಿ, ಹುಬ್ಬು ಕುಣಿಸಿ, ಮೂರು ಮಗ್ಗದಾಚೆ ಇದ್ದವಳ ಮನೆ ಜಗಳವನ್ನೂ ನಾವು ಕಣ್ಣಿನಲ್ಲೇ ಕೇಳಿಸಿಕೊಳ್ಳುತ್ತಿದ್ದೆವು. ನಿನಗೂ ಚಿಕ್ಕಂದಿನಿಂದ ನನ್ನ ಎದುರಿಗೆ ಬಂದು, ಬಾಯಿ ಬಿಚ್ಚಿ ಮಾತಾಡಿಯೇ ಅಭ್ಯಾಸ. ಹಾಗಾಗಿ ನಮ್ಮಿಬ್ಬರ ನಡುವೆ ಏನೂ ಕಡಿಮೆಯಾದಂತೆ ಕಾಣಲಿಲ್ಲ. ನಿನ್ನ ಹೆಂಡತಿ ಹಾಗಲ್ಲ. ತಾಯಿಯಿಲ್ಲದ ಮನೆಯಲ್ಲಿ ಬೆಳೆದ ಹುಡುಗಿ, ಅತ್ತೆ ಎಂದರೆ ಮರ್ಯಾದೆ. ತಲೆ ತಗ್ಗಿಸಿ, ಮೆಲ್ಲಗೆ, ಎಷ್ಟೋ ಸಲ ಗೋಡೆ ಕಡೆ ತಿರುಗಿಕೊಂಡೇ ಮಾತಾಡುತ್ತಾಳೆ. ನಾನು ‘ಹೂಂ’ ಎನ್ನುತ್ತಿದ್ದೆ. ಎಲ್ಲದಕ್ಕೂ ಹೂಂ. ಮಗುವಿಗೆ ಹತ್ತು ದಿನವಾದಾಗ ನೀನು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, “ಇಬ್ಬರನ್ನೂ ನೋಡ್ಕೋತೀಯಾ ಅಮ್ಮಾ?” ಎಂದು ಕೇಳಿದೆ. ಆಗಲಾದರೂ ಹೇಳಬೇಕಿತ್ತು. ಹೇಳಿದರೆ ನೀನು ಬೇರೆ ಯಾರನ್ನಾದರೂ ಕರೆಸುತ್ತಿದ್ದೆ. ನಾನು ಮೂಲೆಯಲ್ಲಿ ಕೂರುವ ಮುದುಕಿಯಾಗಿಬಿಡುತ್ತಿದ್ದೆ. ಆ ಭಯಕ್ಕೆ, ಆ ಜಂಬಕ್ಕೆ, “ನನ್ನನ್ನೇನು ಕೇಳ್ತೀಯ, ಹೋಗು” ಎಂದೆ.

ನೀನು ಹೋದ ಮರುದಿನವೇ ಮನೆಯನ್ನು ಗಿರಣಿ ಮಾಡಿದೆ. ಪಾಳಿ ಹಾಕಿದೆ. ಬೆಳಿಗ್ಗೆ ಆರರಿಂದ ಎರಡರವರೆಗೆ ಮಗು ನನ್ನದು, ಎರಡರಿಂದ ಮರುದಿನ ಆರರವರೆಗೆ ಅವಳದು. ಲೆಕ್ಕ ಸರಿಯಿಲ್ಲವಲ್ಲ ಎಂದು ನೀನು ಬೆರಳು ಮಡಿಸುತ್ತಿರಬಹುದು. ನನಗೆ ಅದು ಹೊಳೆದದ್ದೇ ಮೊನ್ನೆ, ಆರೋಗ್ಯ ಕೇಂದ್ರದ ನರ್ಸಮ್ಮ ಕೇಳಿದಾಗ. ನನ್ನ ಪಾಳಿಯಲ್ಲಿ ಮಗುವಿನ ಸ್ನಾನ, ಬಟ್ಟೆ, ತೊಟ್ಟಿಲು ಎಲ್ಲ ನಾನೇ. ಹಾಲಿನ ಹೊತ್ತಿಗೆ ಅವಳ ಮಡಿಲಿಗೆ ಹಾಕುತ್ತಿದ್ದೆ, ಮುಗಿದ ತಕ್ಷಣ ಎತ್ತಿಕೊಳ್ಳುತ್ತಿದ್ದೆ, “ನೀನು ಮಲಗು” ಎನ್ನುತ್ತಿದ್ದೆ. ಅವಳು ಮಗುವಿನ ಕಾಲ್ಬೆರಳು ಹಿಡಿದುಕೊಂಡು ಇನ್ನೊಂದು ಗಳಿಗೆ ಕೂತಿರಲು ನೋಡಿದರೆ ಬೆರಳು ಬಿಡಿಸುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಮಗು ನನ್ನ ಪಾಳಿಯಲ್ಲಿ ಬಹುಮಟ್ಟಿಗೆ ನಿದ್ದೆಯಲ್ಲೇ ಇರುತ್ತಿತ್ತು. ಇನ್ನೊಂದು ಪಾಳಿಯಲ್ಲಿ ಅತ್ತು ಅತ್ತು ಸುಸ್ತಾಗಿ ಮಲಗಿದ ನಿದ್ದೆ ಅದು. ನಾನದನ್ನು ಒಳ್ಳೆಯ ಗುಣ ಎಂದು ನಿನಗೆ ಬರೆದೆ.

ಎರಡು ಗಂಟೆಯಾದ ಮೇಲೆ ಆ ಕೋಣೆಗೆ ನಾನು ಕಾಲಿಡುತ್ತಿರಲಿಲ್ಲ. ಸೋಮಾರಿತನದಿಂದಲ್ಲ ಮರಿ. ಇನ್ನೊಬ್ಬಳ ಪಾಳಿಯಲ್ಲಿ ಅವಳ ಮಗ್ಗಕ್ಕೆ ಕೈ ಹಾಕುವುದು, ಅವಳ ಹೆಗಲ ಮೇಲಿಂದ ಬಟ್ಟೆಯನ್ನು ಇಣುಕಿ ನೋಡುವುದು ನಮ್ಮಲ್ಲಿ ದೊಡ್ಡ ಅವಮಾನ. ನಿನಗೆ ಕೆಲಸ ಬರುವುದಿಲ್ಲ ಎಂದು ಮುಖದ ಮೇಲೆ ಹೇಳಿದ ಹಾಗೆ. ಎಳೆ ಕಡಿದರೆ ಅವಳೇ ಕೈ ಎತ್ತಿ ಕರೆಯಬೇಕು, ಆಗ ಹೋಗಬೇಕು. ನನ್ನ ಸೊಸೆಗೆ ಆ ಮರ್ಯಾದೆ ಕೊಡುತ್ತಿದ್ದೇನೆ ಎಂದು ಬೀಗುತ್ತಾ ನಾನು ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅವಳು ಕರೆಯಲೇ ಇಲ್ಲವಲ್ಲ, ಜಾಣೆ ಎಂದುಕೊಳ್ಳುತ್ತಿದ್ದೆ.

ಹೋದ ಸೋಮವಾರ ಮಧ್ಯಾಹ್ನ ಕೆಳಗಿನ ಗಡಿಯಾರ ರಿಪೇರಿಯವರು ಮೆಟ್ಟಿಲು ಹತ್ತಿ ಬಂದರು. ಕಣ್ಣಿನ ಭೂತಗನ್ನಡಿಯನ್ನೂ ತೆಗೆದಿರಲಿಲ್ಲ, ಕೆಲಸದ ನಡುವೆಯೇ ಎದ್ದು ಬಂದಿದ್ದರು. ಪಾಪ, ಒರಟು ಮನುಷ್ಯರಲ್ಲ. “ಅಮ್ಮಾ, ಬೇಜಾರು ಮಾಡ್ಕೋಬೇಡಿ. ಮಗು ಎರಡು ಗಂಟೆಯಿಂದ ಒಂದೇ ಸಮನೆ ಅಳ್ತಾ ಇದೆ. ದಿನಾ ಹೀಗೇ. ನೀವು ಇಲ್ಲೇ ಇದೀರಲ್ಲ?” ಎಂದರು. ಅವರ ತುಟಿಯಿಂದ ಆ ಮಾತು ಓದಿಕೊಂಡೆ. ಆದರೂ ನನ್ನ ಬಾಯಿ ನೋಡು, “ಮಕ್ಕಳು ಅಳದೆ ಇನ್ನೇನು ಹಾಡ್ತವಾ?” ಎಂದು ಅವರನ್ನು ಕಳಿಸಿಬಿಟ್ಟೆ. ಆಮೇಲೆ ಹೋಗಿ ಕೋಣೆಯ ಬಾಗಿಲು ತೆರೆದೆ.

ಮಗು ತೊಟ್ಟಿಲಲ್ಲಿ ಕೆಂಪಗಾಗಿತ್ತು. ಬಾಯಿ ಅಷ್ಟಗಲ ತೆರೆದಿತ್ತು, ನಾಲಿಗೆ ನಡುಗುತ್ತಿತ್ತು, ಮುಷ್ಟಿ ಬಿಗಿದಿತ್ತು. ನಿನ್ನ ಹೆಂಡತಿ ನೆಲದ ಮೇಲೆ ಕೂತು, ಗೋಡೆಗೆ ಹಣೆ ಒತ್ತಿ, ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು. ನನಗೆ ಮಾತ್ರ ಏನೂ ಕೇಳಿಸಲಿಲ್ಲ. ಏನೆಂದರೆ ಏನೂ. ಅಂಥ ನಿಶ್ಶಬ್ದವನ್ನು ಶತ್ರುವಿಗೂ ಬಯಸುವುದಿಲ್ಲ. ಮಗುವನ್ನು ಎತ್ತಿ ಎದೆಗೆ ಅವುಚಿಕೊಂಡಾಗ ಅದರ ಅಳು ನನ್ನ ಎದೆಯ ಮೂಳೆಗೆ ಬಡಿಯಿತು. ಆಗ ಗೊತ್ತಾಯಿತು ಎಷ್ಟು ಜೋರಾಗಿ ಅಳುತ್ತಿದೆ ಎಂದು. ಹಿಂದಿನಿಂದ ಅವಳು ಏನೋ ಹೇಳಿದ್ದಾಳೆ. ಮತ್ತೆ ಹೇಳಿದ್ದಾಳೆ. ನಾನು ತಿರುಗಲಿಲ್ಲ. ಆಗ ಎದ್ದು ನನ್ನ ಮುಂದೆ ಬಂದು ನಿಂತು ನನ್ನ ಕಣ್ಣನ್ನೇ ನೋಡಿದಳು. ಮೂರೂವರೆ ತಿಂಗಳಲ್ಲಿ ಮೊದಲ ಸಲ ಅವಳ ಮುಖ ನನಗೆ ಪೂರ್ತಿ ಕಂಡಿತು. ಕಣ್ಣ ಕೆಳಗೆ ಕಪ್ಪು, ತುಟಿ ಒಡೆದಿದೆ, ಕೂದಲು ಎಷ್ಟು ದಿನದಿಂದ ಬಾಚಿಲ್ಲವೋ. “ನಿಮಗೆ ಕೇಳ್ಸಲ್ವಾ ಅತ್ತೆ?” ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ನಗಲು ಹೋಗಿ ಅತ್ತುಬಿಟ್ಟಳು. “ದಿನಾ ಕರೀತಿದ್ದೆ. ಕೇಳಿಸಿದ್ರೂ ಬರಲ್ಲ, ನನಗೆ ಬುದ್ಧಿ ಬರ್ಲಿ ಅಂತ ಸುಮ್ನೆ ಕೂತಿದೀರಾ ಅಂದ್ಕೊಂಡಿದ್ದೆ.” ಅವಳ ಪಾಲಿಗೆ ನಾನು ಎಂಥ ರಾಕ್ಷಸಿಯಾಗಿದ್ದಿರಬೇಕು.

ಮರುದಿನ ಮೂವರೂ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿಯ ನರ್ಸಮ್ಮ ಕಡ್ಡಿಯಂತಿದ್ದಾಳೆ, ಆದರೆ ಮಾತು ಕಬ್ಬಿಣ. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ತನ್ನ ಮುಖವನ್ನು ಒಂದು ಗೇಣಿನಷ್ಟು ಹತ್ತಿರ ತಂದು ಮಾತಾಡಿಸಿದಳು. ಮಗು ಅವಳನ್ನು ನೋಡಲಿಲ್ಲ. ಕಿಟಕಿಯ ಬೆಳಕಿನ ಕಡೆ ಮುಖ ತಿರುಗಿಸಿತು. ತಲೆಯ ಬಲಭಾಗ ತುಸು ಚಪ್ಪಟೆಯಾಗಿದೆ, ಸದಾ ಒಂದೇ ಕಡೆ, ಕಿಟಕಿ ಇರುವ ಕಡೆ ಮಲಗಿ. ನನ್ನ ಕಿವಿಯೇ ಮಗುವಿಗೂ ಬಂದಿರಬಹುದೇ ಎಂದು ಹೆದರಿದ್ದೆ. ನರ್ಸಮ್ಮ ಅದರ ತಲೆಯ ಹಿಂದೆ ಒಂದು ಪುಟ್ಟ ಗಂಟೆ ಅಲ್ಲಾಡಿಸಿದಳು. ಗಂಟೆ ನನಗೆ ಕೇಳಿಸಲಿಲ್ಲ, ಮಗು ಕಣ್ಣು ಹೊರಳಿಸಿದ್ದು ಕಾಣಿಸಿತು. ಸದ್ಯ, ಅಷ್ಟಾದರೂ ಇದೆ. ಈ ವಯಸ್ಸಿಗೆ ಎದುರಿನ ಮುಖ ಕಂಡರೆ ನಗಬೇಕಂತೆ, ಊ ಆ ಎಂದು ಮಾತಿಗೆ ಮಾತು ಕೊಡಬೇಕಂತೆ. “ಹೆದರ್ಬೇಡಿ, ಇನ್ನೂ ಹೊತ್ತು ಮೀರಿಲ್ಲ. ಆದ್ರೆ ಹಾಲು ಬಟ್ಟೆ ಕೊಟ್ರೆ ಸಾಲ್ದು ಅಜ್ಜಿ. ಮಗುಗೆ ಮುಖ ಬೇಕು, ಮಾತು ಬೇಕು” ಎಂದಳು.

ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು ನಿನ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮನಸ್ಸಿಗೆ ಏನನ್ನಿಸುತ್ತದೆ ಎಂದು ಅಡ್ಡಮಾತಿಲ್ಲದೆ ನೇರವಾಗಿ ಕೇಳಿದಳು. ನಾನು ಸೊಸೆಯ ತುಟಿಯನ್ನೇ ನೋಡುತ್ತಿದ್ದೆ. ನೋಡಬಾರದಿತ್ತೇನೋ. “ನಾನಿಲ್ದಿದ್ರೆ ಎಲ್ಲರಿಗೂ ಒಳ್ಳೇದು ಅನ್ಸುತ್ತೆ. ದಿನಾ ಅನ್ಸುತ್ತೆ” ಎಂದಳು ನಿನ್ನ ಹೆಂಡತಿ. ಸಾರು ಸಪ್ಪೆಯಾಗಿದೆ ಎನ್ನುವಷ್ಟು ಸಾಧಾರಣವಾಗಿ ಹೇಳಿದಳು. ಇದು ಹುಚ್ಚಲ್ಲ, ಹಟವಲ್ಲ, ಹೆರಿಗೆಯಾದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಬರುವ ಕಾಯಿಲೆ, ವಾಸಿಯಾಗುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟಿದ್ದಾರೆ, ವಾರಕ್ಕೆರಡು ಸಲ ಹೋಗಿ ಮಾತಾಡಬೇಕು, ನಿದ್ದೆ ಆಗಲೇಬೇಕು. ಅವಳನ್ನು ಒಂಟಿಯಾಗಿ ಬಿಡಬಾರದು ಎಂದು ನರ್ಸಮ್ಮ ನನಗೆ ಎರಡೆರಡು ಸಲ ಹೇಳಿದಳು. ನಾನು ಹೂಂ ಎನ್ನಲು ಹೋಗಿ ನಿಲ್ಲಿಸಿದೆ. ಇಷ್ಟು ದಿನ ನಾನು ಮನೆಯಲ್ಲಿ ಇದ್ದಾಗಲೂ ಅವಳು ಒಂಟಿಯಾಗಿಯೇ ಇದ್ದಳಲ್ಲ.

ಈಗ ಪಾಳಿ ತೆಗೆದುಹಾಕಿದ್ದೇನೆ. ನನ್ನ ಚಾಪೆ ಅವಳ ಕೋಣೆಯಲ್ಲೇ. ಒಂದು ದಾರ ಅವಳ ಕೈಗೂ ನನ್ನ ಕೈಗೂ ಕಟ್ಟಿಕೊಂಡಿದ್ದೇವೆ, ಬೇಕೆಂದಾಗ ಎಳೆಯುತ್ತಾಳೆ. ಗಡಿಯಾರದವರ ಹೆಂಡತಿ ಮಧ್ಯಾಹ್ನ ಬಂದು ಎರಡು ಗಂಟೆ ಕೂರುತ್ತಾರೆ. ಅವರ ಹತ್ತಿರ ಕ್ಷಮೆ ಕೇಳಿದೆ, ಗಂಡನಿಗೆ ತಲುಪಿಸುತ್ತೇನೆಂದರು. ಮಗುವಿನ ಮುಖಕ್ಕೆ ಮುಖ ಕೊಟ್ಟು ನನ್ನ ಹಳೆಯ ಗಿರಣಿಯ ಮಾತು ಆಡುತ್ತೇನೆ. ತುಟಿ ಅಗಲ, ಹುಬ್ಬು ಮೇಲೆ, ಕೋಡಂಗಿಯ ಹಾಗೆ. ಮೂರು ದಿನ ಅದು ಕಿಟಕಿಯನ್ನೇ ನೋಡಿತು. ನಿನ್ನೆ ನನ್ನ ಬಾಯಿಯನ್ನು ಸುಮಾರು ಹೊತ್ತು ನೋಡಿತು. ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನಿನ್ನ ಹೆಂಡತಿಯನ್ನು, ನೀನು ಮಾತಾಡಿಸಮ್ಮ ಎಂದೆ. ಬಾಯಿ ತೆರೆದಳು, ಮಾತು ಬರಲಿಲ್ಲ, ಮುಖ ಮುಚ್ಚಿಕೊಂಡಳು. ಬಲವಂತ ಮಾಡಲಿಲ್ಲ, ಬೆನ್ನು ಸವರಿದೆ. ಮಾತ್ರೆ ಕೆಲಸ ಮಾಡಲು ವಾರಗಳು ಬೇಕಂತೆ. ಹಾಗಾಗಿ ನಿನಗೆ ಬರೆಯಲು ನನ್ನ ಹತ್ತಿರ ಸಿಹಿಸುದ್ದಿ ಯಾವುದೂ ಇಲ್ಲ. ಮಗುವನ್ನು ಇನ್ನು ಮೌನಿ ಎಂದು ಕರೆಯುವುದಿಲ್ಲ.

ನನ್ನ ಮೇಲೆ ಸಿಟ್ಟು ಬಂದರೆ ಸಿಟ್ಟಾಗು, ನ್ಯಾಯವಾದದ್ದೇ. ಅವಳ ಮೇಲೆ ಮಾತ್ರ ಒಂದು ಎಳೆಯಷ್ಟೂ ಬೇಡ. ಹೊಟ್ಟೆ ತುಂಬ ಊಟ ಮಾಡು, ಒದ್ದೆ ಕಾಲಲ್ಲಿ ವೈರು ಮುಟ್ಟಬೇಡ. ನಿನ್ನ ತಲೆಯ ಮೇಲಿನ ಆ ಗುಡ್ಡ ನಿನ್ನನ್ನು ಚೆನ್ನಾಗಿ ಕಾಯಲಿ.

ಎಲ್ಲದಕ್ಕೂ ಹೂಂ ಎಂದ,
ನಿನ್ನ ಅಮ್ಮ

ತಾ. ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅವಳಿಗೆ ಓದಲು ಕೊಟ್ಟೆ. ಓದಿ, ಒಂದು ಬಿಟ್ಟಿದೀರಿ ಅತ್ತೆ ಎಂದಳು. ಹೋದ ತಿಂಗಳು ನೀನು ಫೋನ್ ಮಾಡಿದ್ದೆಯಲ್ಲ, ಅವಳು ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟಿದ್ದಳು. ಫೋನಿಗೆ ಮುಖವಿಲ್ಲ, ಹಾಗಾಗಿ ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ: “ಇಲ್ಲೆಲ್ಲ ಚೆನ್ನಾಗಿದೆ, ಏನೂ ಬೇಡ, ನೀನು ಹುಷಾರು.” ಹೇಳಿ ಕೆಂಪು ಗುಂಡಿ ಒತ್ತಿಬಿಟ್ಟೆ. ಆ ದಿನ ನೀನು, “ಅಮ್ಮಾ, ಅವಳ ದನಿ ಯಾಕೋ ಸರಿ ಇಲ್ಲ, ರಜೆ ಹಾಕಿ ಬರ್ಲಾ?” ಎಂದು ಕೇಳಿದ್ದೆಯಂತೆ. ಅವಳು ಫೋನಿಗೆ ಕೈ ಚಾಚಿದ್ದಳಂತೆ, ಅಷ್ಟರಲ್ಲಿ ನಾನು ಗುಂಡಿ ಒತ್ತಿಯಾಗಿತ್ತು. ಅತ್ತೆಯೇ ಬೇಡ ಎಂದ ಮೇಲೆ ಇನ್ನೇನು ಎಂದು ಆಮೇಲೆ ನಿನಗೆ ಅವಳೂ ಚೆನ್ನಾಗಿದ್ದೇನೆ ಎನ್ನುತ್ತಾ ಬಂದಳಂತೆ. ಮರಿ, ಅದು ನನ್ನ ಉತ್ತರವಲ್ಲ. ನೀನು ಕೇಳಿದ್ದೇ ನನಗೆ ಗೊತ್ತಿರಲಿಲ್ಲ. ಬಾ. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬಾ.