ರೊಟ್ಟಿ ಚೀಟಿಯ ಮೇಲಿದ್ದ ನಂಬರು

ಬಾಗಿಲಿಗೆ ಫಲಕವಿಲ್ಲದ ಕಚೇರಿಯ ಮಾನ್ಯ ನಿರ್ದೇಶಕರೇ,

ವಿನಾಯಕ ನಿಮ್ಮವನು. ನೀವು ಅಲ್ಲ ಎನ್ನುತ್ತಿದ್ದೀರಿ. ಇದೇ ಹದಿನಾಲ್ಕನೇ ತಾರೀಖು ಆ ದ್ವೀಪದೇಶದ ನ್ಯಾಯಾಲಯ ಅವನ ಮೊಕದ್ದಮೆಯ ತೀರ್ಪು ಕೊಡಲಿದೆ. ಅವನನ್ನು ಕಳಿಸಿದ್ದು ನಾವು ಎಂದು ನೀವು ಒಪ್ಪಿಕೊಂಡರೆ ಅವನು ಯುದ್ಧದ ಸೆರೆಯಾಳು, ಎಂದಾದರೂ ಮನೆಗೆ ಬಂದಾನು. ಬಾಯಿ ಮುಚ್ಚಿಕೊಂಡಿದ್ದರೆ ಅವನು ಕಡಲ್ಗಳ್ಳ, ಅಲ್ಲಿ ಕಡಲ್ಗಳ್ಳರಿಗೆ ಗಲ್ಲು. ಇಂಗ್ಲಿಷಿನಲ್ಲಿ ಒಂಬತ್ತು ಪತ್ರ ಬರೆದೆ. ಒಂಬತ್ತಕ್ಕೂ ಒಂದೇ ಉತ್ತರ, ಒಂದು ಅಲ್ಪವಿರಾಮವೂ ಬದಲಾಗಿಲ್ಲ. ಹಾಗಾಗಿ ಈ ಸಲ ಕನ್ನಡದಲ್ಲಿ, ನಾಲ್ಕು ಜನ ಓದುವಂತೆ. ನಮ್ಮ ಫೋನಿಗೆ ಕಿವಿಗೊಡಲು ಕನ್ನಡ ಬಲ್ಲವರನ್ನು ನೀವು ಇಟ್ಟುಕೊಂಡೇ ಇರುತ್ತೀರಿ. ಅವರೇ ಓದಿ ಹೇಳಲಿ.

ನಾನು ಧಾರವಾಡದ ಕಡೆಯವಳು. ಈಗ ನಿಮ್ಮ ದೇಶದ ಬೀಸ್ಟನ್ ಎಂಬ ಊರಿನಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಪೊಟ್ಟಣ ಕಟ್ಟಿ ಮಾರುತ್ತೇನೆ. ವಿನಾಯಕ ಹತ್ತಿರದ ಲಫ್‌ಬರೋದಲ್ಲಿ ಎಂ.ಎಸ್ಸಿ. ಓದುವಾಗಿನಿಂದ ನನ್ನ ಗಿರಾಕಿ. ಹೊನ್ನಾವರದವನು, ದೋಣಿ ಎಂಜಿನ್ ಎಂದರೆ ಪ್ರಾಣ. ಇಲ್ಲೇ ಕೆಲಸ ಹಿಡಿದ, ಸಿಂಚನಾಳನ್ನು ಮದುವೆಯಾದ, ಎರಡು ವರ್ಷದ ಹಿಂದೆ ಕೌನ್ಸಿಲ್ ಹಾಲಿನಲ್ಲಿ ನಿಂತು ಪ್ರಮಾಣ ಮಾಡಿ ಈ ದೇಶದ ಪ್ರಜೆಯಾದ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿಬಿಟ್ಟ. ಅವತ್ತು ಹೋಳಿಗೆ ಮಾಡಿ ಒಯ್ದವಳು ನಾನೇ. ನಿಷ್ಠೆಯ ಪ್ರಮಾಣ ಒಂದೇ ಕಡೆಯಿಂದ ಮಾಡುವಂಥದ್ದೇ, ಸ್ವಾಮಿ?

ಮಾರ್ಚಿನಲ್ಲಿ ಬಂದವನು, "ಅಕ್ಕಾ, ಆರುನೂರು ರೊಟ್ಟಿ ಬೇಕು. ದೋಣಿ ತಲುಪಿಸಿ ಬರೋ ಕಾಂಟ್ರ್ಯಾಕ್ಟು, ಮೂರು ವಾರ. ದಾರೀಲಿ ಒಲೆ ಹಚ್ಚೋ ಹಾಗಿಲ್ವಂತೆ. ನಿಮ್ಮ ರೊಟ್ಟಿನೇ ಸರಿ ಅಂತ ನಾನೇ ಹೇಳಿದೆ" ಎಂದ. ಒಲೆ ಯಾಕೆ ಹಚ್ಚಬಾರದು ಎಂದು ನಾನು ಕೇಳಲಿಲ್ಲ. ದೊಡ್ಡ ಆರ್ಡರಿನ ಖುಷಿಯಲ್ಲಿ ಬುದ್ಧಿಗೆ ಮಂಕು ಕವಿದಿತ್ತು. ಅವನಿಗೆ ಎಲ್ಲ ಗೊತ್ತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಗೊತ್ತಿದ್ದರೂ ಕಳಿಸಿದವರು ನೀವು ತಾನೇ?

ಪೊಟ್ಟಣ ಒಯ್ಯಲು ಅವನ ಜೊತೆ ನೀಲಿ ಕೋಟಿನ ಸಾಹೇಬರೊಬ್ಬರು ಬಂದರು. ಲೇಬಲ್ಲುಗಳನ್ನೆಲ್ಲ ಕಿತ್ತುಹಾಕಿ ಎಂದರು. ಆಗುವುದಿಲ್ಲ ಎಂದೆ. ಶೇಂಗಾ, ಎಳ್ಳು ಇದೆಯೆಂಬ ಎಚ್ಚರಿಕೆ, ನನ್ನ ಹೆಸರು, ವಿಳಾಸ, ಫೋನ್ ನಂಬರು ಪ್ರತಿ ಪೊಟ್ಟಣದ ಮೇಲೂ ಇರಬೇಕೆಂದು ಕೌನ್ಸಿಲ್ ಇನ್‌ಸ್ಪೆಕ್ಟರ್ ತಾಕೀತು ಮಾಡಿದ್ದರು. ಶೇಂಗಾ ಒಗ್ಗದವರು ತಿಂದರೆ ಜೀವವೇ ಹೋದೀತು ಎಂದು ಆ ಸಾಹೇಬರಿಗೆ ತಿಳಿಹೇಳಿದೆ. ಅಬ್ಬಾ, ಜೀವದ ಬಗ್ಗೆ ನನಗೆ ಎಷ್ಟು ಕಾಳಜಿ! ಅವರು ನಕ್ಕು, ಹಾಗೇ ಹೊತ್ತುಕೊಂಡು ಹೋದರು.

ಏಪ್ರಿಲಿನ ಒಂದು ಮಂಗಳವಾರ ವಿನಾಯಕನೂ ಸೇರಿ ನಲವತ್ತು ಜನ ಆ ದ್ವೀಪದ ಸರ್ಕಾರವನ್ನು ಕದ್ದುಮುಚ್ಚಿ ಉರುಳಿಸಲು ದಡಕ್ಕಿಳಿದರು. ಜನ ಹಾರ ಹಿಡಿದು ಕಾದಿರುತ್ತಾರೆ ಎಂದು ಅವರಿಗೆ ಹೇಳಿ ಕಳಿಸಿದ್ದಿರಂತೆ. ಕಾದಿದ್ದದ್ದು ಸೈನ್ಯ. ಹನ್ನೊಂದು ಜನ ಮರಳಿನ ಮೇಲೇ ಸತ್ತರು, ಉಳಿದವರು ಸಿಕ್ಕಿಬಿದ್ದರು. ದೋಣಿಗಳ ಹೆಸರಿನ ಮೇಲೆ ಬಣ್ಣ ಬಳಿದಿದ್ದರು, ಬಂದೂಕುಗಳ ನಂಬರು ಉಜ್ಜಿಹಾಕಿದ್ದರು, ಅಂಗಿಗಳಿಗೆ ಗುರುತೇ ಇರಲಿಲ್ಲ. ಶುಕ್ರವಾರ ಅಲ್ಲಿನವರು ಟಿವಿಯಲ್ಲಿ ಎತ್ತಿ ತೋರಿಸಿದ್ದು ನನ್ನ ರೊಟ್ಟಿ ಪೊಟ್ಟಣ, ಬೀಸ್ಟನ್ನಿನ ಪೋಸ್ಟ್‌ಕೋಡ್ ಸಮೇತ.

ನಮಗೂ ಇದಕ್ಕೂ ಸಂಬಂಧವಿಲ್ಲ, ಟಿವಿ ನೋಡಿಯೇ ತಿಳಿಯಿತು ಎಂದು ಹೇಳಿಕೆ ಕೊಟ್ಟಿರಿ. ಹೌದೇ? ಹಾಗಾದರೆ ಟಿವಿಯಲ್ಲಿ ಬರುವ ಎರಡು ದಿನ ಮೊದಲು, ಬುಧವಾರ ಬೆಳಿಗ್ಗೆ, ನಿಮ್ಮ ಕಚೇರಿಯ ಗುರುತಿನ ಚೀಟಿ ತೋರಿಸಿ ನನ್ನ ಅಡುಗೆಮನೆಯಲ್ಲಿ ಕೂತು, ಎಷ್ಟು ಪೊಟ್ಟಣ, ಎಲ್ಲದಕ್ಕೂ ಲೇಬಲ್ ಇತ್ತೇ ಎಂದು ವಿಚಾರಿಸಿದವರು ಯಾರು? ಅದೇ ನೀಲಿ ಕೋಟಿನ ಸಾಹೇಬರು! ನಾನು ಕೊಟ್ಟ ಚಹಾ ಕುಡಿದರು. ನನ್ನ ಯಜಮಾನರು ವಿರೂಪಾಕ್ಷ ಪಕ್ಕದಲ್ಲೇ ಇದ್ದರು, ಸಾಕ್ಷಿ ಹೇಳಲು ಸಿದ್ಧರಿದ್ದಾರೆ.

ಆ ಭಾನುವಾರ ಮಧ್ಯಾಹ್ನ ಫೋನು ಬಂತು.

"ಅಕ್ಕಾ, ನಾನು ವಿನಾಯಕ. ನಮ್ಮನ್ನ ಕಳಿಸಿದವರು ಕೊಟ್ಟಿದ್ದ ಎಮರ್ಜೆನ್ಸಿ ನಂಬರ್ ಯಾರೂ ಎತ್ತಲಿಲ್ಲ. ಇಲ್ಲಿ ಜೈಲಲ್ಲಿ ಮೊಬೈಲ್ ಕಿತ್ಕೊಂಡಿದ್ದಾರೆ, ಸಿಂಚನಾ ನಂಬರು ನೆನಪಿಗೆ ಬರ್ತಿಲ್ಲ. ಜೇಬಲ್ಲಿ ನಿಮ್ಮ ರೊಟ್ಟಿ ಚೀಟಿ ಇತ್ತು."

"ಉಂಡಿಯೇನೋ ತಮ್ಮಾ?" ಎಂದುಬಿಟ್ಟೆ. ಕೇಳುವ ಮಾತೇ ಅದು? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

"ಊಟ ಕೊಡ್ತಾರೆ ಅಕ್ಕಾ. ನಾನು ಯಾರು ಅಂತ ಕಳಿಸಿದವರು ಒಂದು ಮಾತು ಹೇಳ್ಲಿ, ಸಾಕು. ಹೇಳಿಸ್ತೀರಾ?"

"ಹೇಳಸ್ತೀನೋ ಯಪ್ಪಾ. ನೀ ಧೈರ್ಯಾ ಬಿಡಬ್ಯಾಡ."

ಯಾವ ಬಾಯಲ್ಲಿ ಮಾತು ಕೊಟ್ಟೆನೋ! ಭಾರತದವರು, ಅವನೀಗ ನಮ್ಮ ಪ್ರಜೆಯಲ್ಲ ಎನ್ನುತ್ತಾರೆ. ನೀವು, ಅವನಾರೋ ಗೊತ್ತಿಲ್ಲ ಎನ್ನುತ್ತೀರಿ. ಅಲ್ಲಿನ ಜೈಲಿನವರು ಬರೆದುಕೊಂಡಿರುವ ನಂಬರು ನನ್ನದೊಂದೇ, ಭಾನುವಾರಕ್ಕೊಮ್ಮೆ ನಾಲ್ಕು ನಿಮಿಷ. ಆದ್ದರಿಂದ ಸಿಂಚನಾ ಪ್ರತಿ ವಾರ ಲಫ್‌ಬರೋದಿಂದ ಬಂದು ನಮ್ಮ ಅಡುಗೆಮನೆಯಲ್ಲಿ ಕಾಯುತ್ತಾಳೆ. ಮೂರು ವಾರ ಮಾತಾಡಿದಳು. ಕಳೆದ ಭಾನುವಾರ ಫೋನು ಬರಲಿಲ್ಲ. ಸಂಜೆಯವರೆಗೂ ಕೂತಿದ್ದಳು, ತಟ್ಟೆ ಮುಟ್ಟಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ದೊಡ್ಡದೇನನ್ನೂ ಕೇಳುತ್ತಿಲ್ಲ. ರೊಟ್ಟಿ ಮಾಡುವವಳು ತಾನು ಕಳಿಸಿದ ಪೊಟ್ಟಣದ ಮೇಲೆ ತನ್ನ ಹೆಸರು ಹಾಕಲೇಬೇಕು ಎಂದು ಕಾನೂನು ಮಾಡಿದ ದೇಶ ನಿಮ್ಮದು. ನೀವು ಕಳಿಸಿದ ಮನುಷ್ಯನ ಮೇಲೆ ನಿಮ್ಮ ಹೆಸರು ಹಾಕಿ. ಹದಿನಾಲ್ಕರೊಳಗೆ ಆ ನ್ಯಾಯಾಲಯಕ್ಕೆ ಒಂದೇ ಸಾಲು ಬರೆಯಿರಿ: ವಿನಾಯಕ ನಮ್ಮವನು, ಅವನನ್ನು ಕಳಿಸಿದ್ದು ನಾವು.

ಉತ್ತರ ಹೇಳುವುದಿದ್ದರೆ ನನ್ನ ನಂಬರು ನಿಮ್ಮಲ್ಲಿದೆ. ಭಾನುವಾರ ಮಾತ್ರ ಮಾಡಬೇಡಿ. ಅವತ್ತು ಲೈನು ಖಾಲಿ ಇರಬೇಕು.

ಇಂತಿ,
ಮಾತು ಕೊಟ್ಟು ಕೂತಿರುವ
ರೊಟ್ಟಿ ಮಾಡುವ ಗೌರಿ ವಿರೂಪಾಕ್ಷ
ಬೀಸ್ಟನ್