ಭಾನುವಾರದ ಭೇಟಿ

ಅಮ್ಮಾ,

ಬುಧವಾರ ಆಸ್ಪತ್ರೆಯ ಬಟ್ಟೆಗಳೆಲ್ಲ ಒಗೆಯಲು ಬರುತ್ತವೆ, ರಜೆ ಸಿಗುವುದಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದ್ದೆಯಲ್ಲ. ಇಲ್ಲಿ ಭೇಟಿಗೆ ಬಿಡುತ್ತಿದ್ದುದೂ ಬುಧವಾರ ಮಾತ್ರ. ಜೈಲಿನವರ ಕೈಕೆಳಗಿಲ್ಲದ ಉಸ್ತುವಾರಿ ಸಮಿತಿಯೊಂದಿದೆ. ಅದರ ಮೇಡಂ ಬಂದು ನಮ್ಮ ದೂರು ಕೇಳಿಕೊಳ್ಳುತ್ತಾರೆ, ಅದು ಏನಾಯಿತೆಂದು ಮತ್ತೆ ಮತ್ತೆ ವಿಚಾರಿಸುತ್ತಾರೆ. ಉಳಿದವರು ನೀರು, ಸೊಳ್ಳೆ ಎಂದರು. ನಾನು ಭಾನುವಾರವೂ ಭೇಟಿಗೆ ಬಿಡಿ ಎಂದು ಕೇಳಿದೆ. ಮೇಡಂ ಸೂಪರಿಂಟೆಂಡೆಂಟರ ಬೆನ್ನು ಬಿಡಲಿಲ್ಲ. ಕೊನೆಗೂ ಭಾನುವಾರ ಸಿಕ್ಕಿತು.

ನಿನಗೆ ತಿಳಿಸಿದ ಮೇಲೆ ಒಂದೆರಡು ಭಾನುವಾರ ಕಳೆದವು. ಪಕ್ಕದ ಹಾಸಿಗೆಯ ಅಜ್ಜಿಯನ್ನು ನೋಡಲು ಅವಳ ಮಗಳು ಬಂದಿದ್ದಳು. ಅಜ್ಜಿ ವಾಪಸು ಬಂದವಳೇ ನನ್ನ ಗಲ್ಲ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಾ" ಎಂದಳು. ನಾನು ತಲೆ ಬಾಚಿಕೊಂಡು ಭೇಟಿಯ ಹೊತ್ತು ಮುಗಿಯುವ ತನಕ ಕೂತಿದ್ದೆ.

ನಿನ್ನೆ ಮೇಡಂ ಬಂದಿದ್ದರು. "ನಿಮ್ಮ ದೂರು ಬಗೆಹರೀತಲ್ವಾ, ಮುಗೀತು ಅಂತ ಬರ್ಕೊಳ್ಲಾ?" ಎಂದು ಕೇಳಿದರು.

"ಇನ್ನೊಂದಿಷ್ಟು ದಿನ ಹಾಗೇ ಇರ್ಲಿ ಮೇಡಂ" ಎಂದೆ. ಅವರು ನನ್ನ ಮುಖ ನೋಡಿದರು, ಪೆನ್ನು ಮುಚ್ಚಿಟ್ಟರು.

ಗೇಟಿನ ಹತ್ತಿರ ಗುರುತಿನವರು ಯಾರಾದರೂ ನೋಡಿಯಾರು ಎಂಬ ಅಳುಕಿದ್ದರೆ ಬೆಳಿಗ್ಗೆ ಬೇಗ ಬಾ, ಆಗ ಜನ ಕಡಿಮೆ. ಗುರುತಿನ ಚೀಟಿ ಮರೆಯಬೇಡ. ಬೇರೇನೂ ತರಬೇಡ. ನನ್ನ ಜೊತೆ ಮಾತಾಡಲು ಇನ್ನೂ ಮನಸ್ಸಿಲ್ಲದಿದ್ದರೆ ಮಾತೂ ಬೇಡಮ್ಮ. ಸುಮ್ಮನೆ ಎದುರಿಗೆ ಕೂತಿದ್ದು ಹೋಗು. ಅರ್ಧ ಗಂಟೆ ಬಿಡುತ್ತಾರೆ.

ನಿನ್ನ ದಾರಿ ಕಾಯುತ್ತಾ,
ನಿನ್ನ ಕಿರಿಮಗಳು